ಕಳಸ ಕಡೆಯ ಹಳೇ ಟೋಪೋ ಶೀಟ್ (ಗುಡ್ಡ, ಹಳ್ಳ, ದಾರಿ ತೋರಿಸೋ ಸರ್ವೆ ನಕ್ಷೆ) ಎಲ್ಲಿ ಸಿಗುತ್ತೆ? ಅಜ್ಜ ನಡೆದ ದಾರಿ ಹುಡುಕ್ತಿದೀನಿ

ಘಟ್ಟದಹುಡುಗಿ
ನಾನಿರೋದು ಬೆಂಗಳೂರಲ್ಲಿ, ಅಮ್ಮನ ತವರು ಕಳಸದ ಹತ್ರ. ಅಜ್ಜ ಹುಡುಗರಾಗಿದ್ದಾಗ ಸಂಸೆ ಕಡೆಯಿಂದ ಘಟ್ಟ ಇಳಿದು ಬೆಳ್ತಂಗಡಿಗೆ ನಡ್ಕೊಂಡೇ ಹೋಗ್ತಿದ್ರಂತೆ, ಅಡಿಕೆ ಹೊತ್ತು ಹೋಗಿ ಉಪ್ಪು ಹೊತ್ತು ಬರೋದು. ಗೂಗಲ್ ಮ್ಯಾಪಲ್ಲಿ ನೋಡಿದ್ರೆ ಅಲ್ಲಿ ಬರೀ ಹಸಿರು. ಅಜ್ಜನಿಗೀಗ 88, ಅವರು ಇರುವಾಗ್ಲೇ ಆ ದಾರಿನ ನಕ್ಷೆ ಮೇಲೆ ಗುರುತು ಮಾಡಿಸ್ಬೇಕು ಅಂತ ಆಸೆ. ಯಾವ ಶೀಟ್ ಕೇಳ್ಬೇಕು?

ಮಳೆಕಾಡು
ಸರ್ವೆ ಆಫ್ ಇಂಡಿಯಾದ 48ಓ/8. ಲೆಕ್ಕ ಸುಲಭ, 48 ಅನ್ನೋದು ಅಕ್ಷಾಂಶ-ರೇಖಾಂಶದ 4 ಡಿಗ್ರಿ ಚೌಕ, ಅದರಲ್ಲಿ ಎ ಇಂದ ಪಿ ವರೆಗೆ 16 ಭಾಗ, ಅದರೊಳಗೆ ಮತ್ತೆ 16. ಕಳಸ, ಕುದುರೆಮುಖ ಶಿಖರ ಎರಡೂ ಇದರಲ್ಲೇ ಬರುತ್ತೆ. ಬೆಳ್ತಂಗಡಿ 13 ಡಿಗ್ರಿ ಅಕ್ಷಾಂಶದ ಗೆರೆ ಪಕ್ಕದಲ್ಲೇ ಇರೋದ್ರಿಂದ ಕೆಳಗಿನ 48ಪಿ/5 ಕೂಡ ಬೇಕಾಗುತ್ತೆ, ಇಲ್ಲಾಂದ್ರೆ ದಾರಿ ಅರ್ಧಕ್ಕೇ ನಿಲ್ಲುತ್ತೆ. ಕೇಳುವಾಗ "ಒಂದಿಂಚಿನ ಶೀಟ್" ಅಂತಾನೇ ಕೇಳಿ, ಅಂದ್ರೆ 1 ಇಂಚಿಗೆ 1 ಮೈಲಿ. ಈಗಿನದು 1:50,000, ಅಂದ್ರೆ 1 ಸೆಂ.ಮೀ.ಗೆ ಅರ್ಧ ಕಿ.ಮೀ., ಅದರಲ್ಲಿ ಕುದುರೆಮುಖದ ಕಬ್ಬಿಣದ ಗಣಿ ಬಂದ ಮೇಲಿನ ರಸ್ತೆ, ಟೌನ್‌ಶಿಪ್, ಲಕ್ಯಾ ಡ್ಯಾಮ್ ಎಲ್ಲಾ ಬಂದ್ಬಿಟ್ಟಿದೆ. ಗಣಿ ಕಂಪನಿ ಶುರುವಾಗಿದ್ದೇ 1976ರಲ್ಲಿ, ನಿಮಗೆ ಅದಕ್ಕಿಂತ ಹಿಂದಿನದೇ ಬೇಕು.

ನಕ್ಷೆಪ್ರೇಮಿ
ಟೆಕ್ಸಾಸ್ ಯೂನಿವರ್ಸಿಟಿ ಲೈಬ್ರರಿ ಸೈಟಲ್ಲಿ ಅಮೆರಿಕನ್ ಆರ್ಮಿಯ ಯು502 ಸೀರೀಸ್ ಫ್ರೀ ಇದೆ, ಎನ್‌ಡಿ 43 ಅಂತ ಶುರುವಾಗೋ ಶೀಟ್‌ಗಳು ನೋಡಿ. ಆದ್ರೆ ಅದು 1:250,000, ಅಂದ್ರೆ 1 ಸೆಂ.ಮೀ.ಗೆ ಎರಡೂವರೆ ಕಿ.ಮೀ., ಕಾಲುದಾರಿಗೆ ಸಾಲಲ್ಲ.

ಮಳೆಕಾಡು
ಹೌದು, ಅದು ಬರೀ ಅಂದಾಜಿಗೆ. ಶೀಟ್ ಸಿಕ್ಕಿದ್ಮೇಲೆ ಚುಕ್ಕಿಗೆರೆ ಹುಡುಕಿ, ಕಾಲುದಾರಿ ಅದೇ, ಹೇರೆತ್ತು ಹೋಗ್ತಿದ್ದ ದಾರಿಗೆ ಪ್ಯಾಕ್ ಟ್ರ್ಯಾಕ್ ಅಂತ ಬೇರೆ ಗುರುತಿರುತ್ತೆ. ಕ್ಯೂಜಿಐಎಸ್‌ನಲ್ಲಿ (ನಕ್ಷೆ ಕೆಲಸದ ಫ್ರೀ ಸಾಫ್ಟ್‌ವೇರ್) ಈಗಿನ ನಕ್ಷೆ ಮೇಲೆ ಕೂರಿಸುವಾಗ ಹುಷಾರು, ಭೂಮಿಯ ಆಕಾರಕ್ಕೆ ಹಳೇ ಶೀಟ್ ಹಿಡಿದಿರೋದು ಎವರೆಸ್ಟ್ ಅನ್ನೋ ಲೆಕ್ಕ, ಜಿಪಿಎಸ್‌ದು ಡಬ್ಲ್ಯೂಜಿಎಸ್84 ಅನ್ನೋ ಬೇರೆ ಲೆಕ್ಕ, ಹಾಗೇ ಇಟ್ರೆ ದಾರಿ ಪಕ್ಕದ ಹಳ್ಳಕ್ಕೆ ಜರುಗುತ್ತೆ. ಎರಡನ್ನೂ ಹೊಂದಿಸೋಕೆ ತ್ರಿಕೋನ ಗುರುತಿರೋ ಗುಡ್ಡದ ತುದಿ, ಭದ್ರಾ ನದಿಗೆ ಹಳ್ಳ ಸೇರೋ ಜಾಗ ಇಂಥವನ್ನೇ ಹಿಡ್ಕೊಳಿ, ರಸ್ತೆ ತಿರುವು ನಂಬ್ಬೇಡಿ.

ಇನ್ನೊಂದು, ಶೀಟ್ ಬರೋವರೆಗೂ ಕಾಯ್ಬೇಡಿ. ಅಜ್ಜ ಎಲ್ಲಿ ಕೂತು ಬುತ್ತಿ ಬಿಚ್ತಿದ್ರು, ಯಾವ ಹಳ್ಳ ದಾಟ್ತಿದ್ರು ಅಂತ ಇವತ್ತೇ ರೆಕಾರ್ಡ್ ಮಾಡಿ. ನಕ್ಷೆಯಲ್ಲಿ ಹೆಸರುಗಳನ್ನ ಇಂಗ್ಲಿಷಲ್ಲಿ ಬರೆದು ಎಷ್ಟು ತಿರುಚಿದಾರೆ ಅಂದ್ರೆ ಓದೋಕೆ ಅಜ್ಜನೇ ಬೇಕು.

ಘಟ್ಟದಹುಡುಗಿ
ಈಗಷ್ಟೇ ಫೋನ್ ಮಾಡ್ದೆ. ಒಂದೇ ಉಸಿರಿಗೆ ಏಳು ಹಳ್ಳದ ಹೆಸರು ಹೇಳಿದ್ರು, ಬರ್ಕೊಂಡಿದೀನಿ. ಶನಿವಾರ ಊರಿಗೆ ಹೊರಡ್ತೀನಿ.