52ಕ್ಕೆ ಸರ್ಪಸುತ್ತಿನ ಲಸಿಕೆ ಹಾಕಿಸಲಾ, ಕಾಯಲಾ?

ಗೊಂದಲದವಳು: ವಯಸ್ಸು 52. ಚಿಕ್ಕವಳಿದ್ದಾಗ ಚಿಕನ್‌ಪಾಕ್ಸ್ ಆಗಿತ್ತು, ಅದೇ ವೈರಸ್ ಒಳಗೇ ಉಳಿದು ಮುಂದೆ ಸರ್ಪಸುತ್ತಾಗಿ ಏಳುತ್ತಂತೆ. ಥೈರಾಯ್ಡ್ ಮಾತ್ರೆ ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಎರಡು ಡೋಸಿನ ಹೊಸ ಲಸಿಕೆ ಈಗಲೇ ಹಾಕಿಸಲಾ, 60 ಆಗಲಿ ಅಂತ ಬಿಡಲಾ? ಮುಂದಿನ ತಿಂಗಳು ದೂರದ ಪ್ರಯಾಣ ಬೇರೆ ಇದೆ. ಅನುಭವ ಇದ್ದವರು ಹೇಳಿ.

ನಿದ್ದೆಗೆಟ್ಟವ: ನಾನೂ ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ. 54ಕ್ಕೆ ಬಂತು. ಎಡಗಡೆ ಪಕ್ಕೆಲುಬಿನ ಕೆಳಗೆ ಸುಮ್ನೆ ಉರಿ, ಬ್ಯಾಗಿನ ಪಟ್ಟಿ ಉಜ್ಜಿರಬೇಕು ಅಂದುಕೊಂಡೆ. ಗುಳ್ಳೆ ಎದ್ದ ಐದನೇ ದಿನ ಡಾಕ್ಟರ ಹತ್ತಿರ ಹೋದರೆ, 72 ಗಂಟೆ ಒಳಗೆ ವೈರಸ್ ತಡೆಯೋ ಮಾತ್ರೆ ಶುರು ಮಾಡಬೇಕಿತ್ತಲ್ಲ ಅಂದರು. ಗುಳ್ಳೆ ಮೂರು ವಾರಕ್ಕೆ ಒಣಗಿತು. ನೋವು ಹದಿನಾಲ್ಕು ತಿಂಗಳು! ಬನಿಯನ್ ಉಲ್ಟಾ ಹಾಕಿಕೊಳ್ಳುತ್ತಿದ್ದೆ, ಒಳಗಿನ ಹೊಲಿಗೆ ತಾಗಿದರೆ ಕಾದ ತಂತಿ ಎಳೆದ ಹಾಗೆ ಆಗುತ್ತಿತ್ತು. ನರನೋವಿನ ಮಾತ್ರೆ ಪ್ರೆಗಾಬಲಿನ್ 75 ಮಿ.ಗ್ರಾಂ, ಆಮೇಲೆ 150, ಆಮೇಲೆ ಎರಡು ಹೊತ್ತೂ 150. ನೋವು ಅರ್ಧ ಇಳಿಯಿತು, ತಲೆ ಪೂರ್ತಿ ಮಂಕಾಯಿತು. ಕಾರು ಓಡಿಸೋದೇ ಬಿಟ್ಟೆ.

ಎರಡೂಆಯ್ತು: ಇಂಥದ್ದು ಕೇಳಿಯೇ ನಾನು 50 ತುಂಬಿದ ವಾರ ಹಾಕಿಸಿಕೊಂಡೆ. ಮೊದಲನೆಯದಕ್ಕೆ ತೋಳು ನೋವು ಅಷ್ಟೇ. ಎರಡನೆಯದು ಬೆಳಿಗ್ಗೆ 11ಕ್ಕೆ, ಸಂಜೆ 7ಕ್ಕೆ ಹಲ್ಲು ಕಟಕಟ, ರಾತ್ರಿ 102 ಜ್ವರ. ಮಗ್ಗುಲು ಬದಲಿಸೋಕೂ ಆಗಲಿಲ್ಲ. ಮೂರನೇ ದಿನ ಏನೂ ಇಲ್ಲ. ಇದರಲ್ಲಿ ಜೀವಂತ ವೈರಸ್ ಇಲ್ಲ, ಅದರ ಹೊರಮೈಯ ಒಂದೇ ಒಂದು ಪ್ರೋಟೀನು. ದೇಹವನ್ನು ಒದ್ದು ಎಬ್ಬಿಸೋದು ಜೊತೆಗಿರುವ ಅಡ್ಜುವೆಂಟ್. ಅದರ ಒಂದು ಭಾಗ ಚಿಲಿಯ ಸೋಪುಮರದ ತೊಗಟೆಯಿಂದ ಬರುತ್ತದೆ. 50 ದಾಟಿದವರ ಪ್ರಯೋಗದಲ್ಲಿ ಶೇ 97 ರಕ್ಷಣೆ.

ಹಳೇಗಾಯ: ಶೇಕಡಾ ಪುರಾಣ ನಾನೂ ಕೇಳಿದ್ದೇನೆ. 2012ರಲ್ಲಿ ಹಳೇ ಲಸಿಕೆ ಹಾಕಿಸಿದ್ದೆ, ಒಂದೇ ಡೋಸು, ಜೀವಂತ ವೈರಸ್ಸಿನದು. 2019ರಲ್ಲಿ ಹಣೆ ಮೇಲೆ ಬಂತು, ರೆಪ್ಪೆವರೆಗೂ. ಆಮೇಲೆ ನೋಡಿದರೆ ಅದರ ರಕ್ಷಣೆ ಶೇ 51 ಮಾತ್ರ. 2020ರಲ್ಲಿ ಅಮೆರಿಕದಲ್ಲಿ ಮಾರೋದನ್ನೇ ನಿಲ್ಲಿಸಿದರು. ನಿಮ್ಮ 97ರ ಕಥೆ ನಾಳೆ ಏನೋ.

ಎರಡೂಆಯ್ತು: ಅಪಾಯ ಅಂತ ನಿಲ್ಲಿಸಲಿಲ್ಲ. ಇನ್ನೂ ಒಳ್ಳೆಯದು ಬಂದಮೇಲೆ ಅದನ್ನು ಕೇಳುವವರಿರಲಿಲ್ಲ. ಹಳೆಯದು ಕೂಡ ಗುಳ್ಳೆ ಹೋದಮೇಲಿನ ನರನೋವನ್ನು ಮೂರರಲ್ಲಿ ಎರಡು ಪಾಲು ತಪ್ಪಿಸಿತ್ತು. ನಿಮಗೆ ನೋವು ಎಷ್ಟು ದಿನ ಇತ್ತು ಹೇಳಿ?

ಹಳೇಗಾಯ: ಐದು ವಾರ. ವಿಷಯ ಅದಲ್ಲ.

ನಿದ್ದೆಗೆಟ್ಟವ: ಐದೇ ವಾರನಾ! ಇಷ್ಟಕ್ಕೆ ಹಳೇಗಾಯ ಅಂತ ಹೆಸರು ಬೇರೆ.

ಹಳೇಗಾಯ: ಕಣ್ಣು ನಿಮ್ಮದಾಗಿದ್ದರೆ ಹೀಗೆ ನಗುತ್ತಿರಲಿಲ್ಲ. ದಿನ ಬಿಟ್ಟು ದಿನ ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ದೀಪದಲ್ಲಿ ಕಾರ್ನಿಯಾ ನೋಡುತ್ತಿದ್ದರು. ಪ್ರತಿಸಲ ಉಸಿರು ಹಿಡಿದು ಕೂರುತ್ತಿದ್ದೆ.

ಮೊಮ್ಮಕ್ಕಳತಾತ: ಮೂಲ ತಪ್ಪು ಮಕ್ಕಳಿಗೆ ಚಿಕನ್‌ಪಾಕ್ಸ್ ಲಸಿಕೆ ಹಾಕೋದು. ಮೊದಲು ಮಕ್ಕಳಿಂದ ವೈರಸ್ ಆಗಾಗ ತಾಗಿ ದೊಡ್ಡವರ ಇಮ್ಯುನಿಟಿ ಚುರುಕಾಗಿರುತ್ತಿತ್ತು. ಬ್ರಿಟನ್ ಇದೇ ಹೆದರಿಕೆಗೆ ಎಷ್ಟೋ ವರ್ಷ ಎಲ್ಲ ಮಕ್ಕಳಿಗೂ ಕೊಡದೆ ಕೂತಿತ್ತು, ಗೊತ್ತಾ?

ಎರಡೂಆಯ್ತು: ಗೊತ್ತು ತಾತ. ಅಮೆರಿಕ ಮಕ್ಕಳಿಗೆ ಶುರು ಮಾಡಿದ್ದು 1995ರಲ್ಲಿ. ದೊಡ್ಡವರ ಸರ್ಪಸುತ್ತು ಅಲ್ಲಿ ಅದಕ್ಕೂ ಮೊದಲೇ ಏರುತ್ತಿತ್ತು. ಅದಕ್ಕೇನಂತೀರಿ?

ಗೊಂದಲದವಳು: ನನ್ನ ಪ್ರಯಾಣದ ಬಗ್ಗೆ ಯಾರಾದರೂ...?

ಎರಡೂಆಯ್ತು: ಎರಡು ಡೋಸಿನ ನಡುವೆ 2ರಿಂದ 6 ತಿಂಗಳು ಅವಕಾಶ ಇದೆ. ಹೊರಡುವ ಹಿಂದಿನ ದಿನ ಮಾತ್ರ ಬೇಡ.

ಮೊಮ್ಮಕ್ಕಳತಾತ: 1995ರ ವಿಷಯ ಇನ್ನೂ ಮುಗಿದಿಲ್ಲ.