ಕುಡಿತದ ಪ್ರಮಾಣ ಬೇರೆ, ಕುಡಿತದ ತೊಂದರೆ ಬೇರೆ: ವ್ಯಕ್ತಿತ್ವದ ನಂಟು ಅಳೆಯುವುದು ಹೇಗೆ?

ಪ್ರಶ್ನೆ

ಮನಶ್ಶಾಸ್ತ್ರದ ಎಂ.ಎ. ಪ್ರಬಂಧಕ್ಕಾಗಿ ಕಾಲೇಜು ವಿದ್ಯಾರ್ಥಿಗಳ ವ್ಯಕ್ತಿತ್ವಕ್ಕೂ ಕುಡಿತಕ್ಕೂ ಇರುವ ನಂಟು ನೋಡುತ್ತಿದ್ದೇನೆ. ವ್ಯಕ್ತಿತ್ವದ ಐದು ಮುಖ್ಯ ಲಕ್ಷಣಗಳನ್ನು (ಬಿಗ್ ಫೈವ್) ಅಳೆಯುವ 44 ಪ್ರಶ್ನೆಗಳ ಬಿಎಫ್‌ಐ, ಕುಡಿತದ ಅಪಾಯ ಅಳೆಯುವ 10 ಪ್ರಶ್ನೆಗಳ ಆಡಿಟ್ ಬಳಸಿದೆ. ಪೈಲಟ್‌ನಲ್ಲಿ ನ್ಯೂರಾಟಿಸಿಸಂಗೂ (ಬೇಗ ಆತಂಕ, ಬೇಸರಕ್ಕೆ ಒಳಗಾಗುವ ಸ್ವಭಾವ) ಆಡಿಟ್ ಒಟ್ಟು ಅಂಕಕ್ಕೂ ಸಂಬಂಧವೇ ಕಾಣಲಿಲ್ಲ. ಊಹೆ ತಪ್ಪೋ, ಅಳತೆ ತಪ್ಪೋ?

ಉತ್ತರ 1

ಮೊದಲು ಆಡಿಟ್ ಅಂಕವನ್ನು ಬಿಡಿಸಿ ನೋಡಿ. ಮೊದಲ 3 ಪ್ರಶ್ನೆಗಳು ಎಷ್ಟು, ಎಷ್ಟು ಸಲ ಎಂಬುದಕ್ಕೆ (0ರಿಂದ 12), 4–6 ಅವಲಂಬನೆಗೆ, 7–10 ಹಾನಿಗೆ. ಒಟ್ಟು ಅಂಕದಲ್ಲಿ ಇವೆಲ್ಲ ಕಲಸಿಹೋಗುತ್ತವೆ. ಬಹಿರ್ಮುಖತೆ, ರೋಮಾಂಚನದ ಹಂಬಲ ಹೆಚ್ಚಾಗಿ ಪ್ರಮಾಣದ ಜೊತೆ ಹೋಗುತ್ತವೆ. ನ್ಯೂರಾಟಿಸಿಸಂ ಹೋಗುವುದು ತೊಂದರೆಗಳ ಜೊತೆ. ಆತಂಕದ ಸ್ವಭಾವದವರಲ್ಲಿ ಕೆಲವರು ಪಾರ್ಟಿಯಿಂದಲೇ ದೂರ ಉಳಿಯುತ್ತಾರೆ, ಕೆಲವರು ಸಂಕಟ ಮರೆಯಲು ಕುಡಿಯುತ್ತಾರೆ. ಎರಡು ಗುಂಪು ಸೇರಿದರೆ ಸರಾಸರಿಯಲ್ಲಿ ಸೊನ್ನೆ ಬರುವುದು ಸಹಜ.

ಹಾಗಾಗಿ ‘ಏಕೆ ಕುಡಿಯುತ್ತಾರೆ’ ಎಂಬುದನ್ನೂ ಕೇಳಲೇಬೇಕು. 20 ಪ್ರಶ್ನೆಗಳ ಡಿಎಂಕ್ಯೂ-ಆರ್ ಎಂಬ ಪ್ರಶ್ನಾವಳಿ ನಾಲ್ಕು ಕಾರಣಗಳನ್ನು ಬೇರ್ಪಡಿಸುತ್ತದೆ: ಬೆರೆಯಲು, ಮಜಾಕ್ಕೆ, ನೋವು ತಣಿಸಲು, ಗುಂಪಿನಲ್ಲಿ ಹೊರಗುಳಿಯಬಾರದೆಂದು.

ಬಿಗ್ ಫೈವ್ ಈ ಕೆಲಸಕ್ಕೆ ತೀರಾ ದೊಡ್ಡ ಜರಡಿ. 23 ಪ್ರಶ್ನೆಗಳ ಸರ್ಪ್ಸ್ ಎಂಬ ಮಾಪಕ ನಿರಾಶೆ, ಆತಂಕ ಸಂವೇದನೆ (ಆತಂಕದ ಲಕ್ಷಣಗಳಿಗೇ ಹೆದರುವುದು), ದುಡುಕು, ರೋಮಾಂಚನದ ಹಂಬಲ ಇಷ್ಟನ್ನೇ ಅಳೆಯುತ್ತದೆ. ಒಂದು ಎಚ್ಚರಿಕೆ: ನಿರಾಶೆಯ 7 ಪ್ರಶ್ನೆಗಳಲ್ಲಿ ಹೆಚ್ಚಿನವು ‘ನಾನು ತೃಪ್ತನಾಗಿದ್ದೇನೆ’ ಎಂಬ ಧಾಟಿಯವು. ಅವುಗಳ ಅಂಕವನ್ನು ತಿರುವುಮುರುವು ಮಾಡದಿದ್ದರೆ (ಹೆಚ್ಚು ಒಪ್ಪಿದರೆ ಕಡಿಮೆ ಅಂಕ) ಆ ಉಪಮಾಪಕವೇ ಕೆಟ್ಟುಹೋಗುತ್ತದೆ. ದುಡುಕಿನ ಬಗ್ಗೆ ಆಳಕ್ಕೆ ಇಳಿಯುವುದಾದರೆ ದುಡುಕಿನ ಬಗೆಗಳನ್ನು ಬಿಡಿಸಿ ಅಳೆಯುವ ಯುಪಿಪಿಎಸ್-ಪಿ ಮಾಪಕ ತೆಗೆದುಕೊಳ್ಳಿ. ಮನಸ್ಸು ಕೆಟ್ಟಾಗ ದುಡುಕುವುದನ್ನು ಅದು ಪ್ರತ್ಯೇಕವಾಗಿ ಅಳೆಯುತ್ತದೆ, ಕುಡಿತದ ತೊಂದರೆಗೆ ಬಿಗಿಯಾಗಿ ಅಂಟಿಕೊಂಡಿರುವ ಲಕ್ಷಣಗಳಲ್ಲಿ ಅದೂ ಒಂದು.

ಉತ್ತರ 2

‘ಎಷ್ಟು ಪೆಗ್’ ಎಂದು ಕೇಳಿದರೆ ಒಬ್ಬೊಬ್ಬರ ಪೆಗ್ ಒಂದೊಂದು ಅಳತೆ. ಪಾನೀಯ, ಮಿಲಿಲೀಟರ್, ಆಲ್ಕೋಹಾಲ್ ಶೇಕಡಾವಾರು ಬರೆಸಿಕೊಂಡು ನೀವೇ ಲೆಕ್ಕ ಹಾಕಿ: ಮಿ.ಲೀ. × ಶೇಕಡಾ ÷ 100 × 0.789 (ಆಲ್ಕೋಹಾಲ್ ಸಾಂದ್ರತೆ) = ಗ್ರಾಂ ಆಲ್ಕೋಹಾಲ್. 5% ಬಿಯರ್ 650 ಮಿ.ಲೀ. ಎಂದರೆ ಸುಮಾರು 25.6 ಗ್ರಾಂ, 10 ಗ್ರಾಂಗೆ ಒಂದು ಡ್ರಿಂಕ್ ಎಂದು ಹಿಡಿದರೆ ಎರಡೂವರೆ. ಪ್ರಶ್ನೆಪತ್ರಿಕೆಯಲ್ಲಿ ಅದು ‘ಒಂದು ಬಾಟಲಿ’ ಅಷ್ಟೇ! ಅಮೆರಿಕದ ಅಧ್ಯಯನಗಳಲ್ಲಿ ಒಂದು ಡ್ರಿಂಕ್ 14 ಗ್ರಾಂ, ಹೋಲಿಸುವಾಗ ಪರಿವರ್ತಿಸಿ.

ಪರೀಕ್ಷೆಯ ವಾರದಲ್ಲೋ ಹಬ್ಬದ ಮರುದಿನವೋ ಡೇಟಾ ತೆಗೆಯಬೇಡಿ. ಅಧ್ಯಾಪಕರು ತರಗತಿಯಲ್ಲೇ ನಿಂತು ಹಾಳೆ ಹಂಚಿದರೆ ಪ್ರಾಮಾಣಿಕ ಉತ್ತರ ಸಿಗುವುದಿಲ್ಲ. ಹೆಸರು, ರೋಲ್ ನಂಬರ್ ಎರಡೂ ಬೇಡ.

ಪ್ರಶ್ನಿಸಿದವರು

ಧನ್ಯವಾದ. ಅರ್ಧಕ್ಕಿಂತ ಹೆಚ್ಚು ಜನ ಕುಡಿಯುವುದೇ ಇಲ್ಲ. ಅವರನ್ನು ತೆಗೆದುಬಿಡಲೇ?

ಉತ್ತರ 3

ಬೇಡ. ಕುಡಿಯುತ್ತಾರೋ ಇಲ್ಲವೋ ಎನ್ನುವುದು ಒಂದು ಪ್ರಶ್ನೆ, ಕುಡಿಯುವವರು ಎಷ್ಟು ಕುಡಿಯುತ್ತಾರೆ ಎನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಲಕ್ಷಣ ಕಾರಣವಾಗಿರಬೇಕಿಲ್ಲ. ಹರ್ಡಲ್ ಮಾಡೆಲ್ ಎಂಬ ಸಂಖ್ಯಾಶಾಸ್ತ್ರದ ವಿಧಾನ ಎರಡನ್ನೂ ಬೇರೆಬೇರೆ ಹಂತದಲ್ಲಿ ನೋಡುತ್ತದೆ: ಮೊದಲು ಲಾಜಿಸ್ಟಿಕ್ (ಹೌದು-ಇಲ್ಲ ಎಂಬುದಕ್ಕೆ), ಆಮೇಲೆ ಕುಡಿಯುವವರಿಗೆ ಮಾತ್ರ ಸೊನ್ನೆ ಹೊರತುಪಡಿಸಿದ ನೆಗೆಟಿವ್ ಬೈನಾಮಿಯಲ್ (ಎಷ್ಟು ಎಂಬ ಎಣಿಕೆಗೆ). ಇಷ್ಟು ಸೊನ್ನೆಗಳಿರುವಾಗ ಪಿಯರ್ಸನ್ ಸಹಸಂಬಂಧ ದಾರಿ ತಪ್ಪಿಸುತ್ತದೆ. ತೊಂದರೆಗಳ ವಿಶ್ಲೇಷಣೆಯಲ್ಲಿ ಪ್ರಮಾಣವನ್ನೂ ಮಾಡೆಲ್‌ಗೆ ಸೇರಿಸಿ. ಹೆಚ್ಚು ಕುಡಿದಿದ್ದಕ್ಕೇ ಬಂದ ತೊಂದರೆಯೋ, ಸ್ವಭಾವ ಸೇರಿಸಿದ ತೊಂದರೆಯೋ ಆಗ ತಿಳಿಯುತ್ತದೆ.

ಒಂದೇ ಸಲ ತೆಗೆದ ಡೇಟಾದಿಂದ ‘ಸ್ವಭಾವವೇ ಕುಡಿಸಿತು’ ಎಂದು ಬರೆಯಬೇಡಿ, ಕುಡಿತವೂ ದುಡುಕನ್ನು ಹೆಚ್ಚಿಸಬಲ್ಲದು. ಇನ್ನು, ಆಡಿಟ್‌ನಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರಿಗೆ ತಜ್ಞರ ತಪಾಸಣೆ ಬೇಕು. ಹೆಸರಿಲ್ಲದ ಹಾಳೆಯಲ್ಲಿ ಅವರು ಯಾರೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಅಂಕ ಎಷ್ಟೇ ಇರಲಿ, ಆಪ್ತಸಮಾಲೋಚಕರ ವಿಳಾಸವಿರುವ ಚೀಟಿಯನ್ನು ಎಲ್ಲರ ಕೈಗೂ ಕೊಡಿ.