ಎತ್ತಿ ನಿಲ್ಲಿಸಿದ ಲೋಡರ್ ತಾನಾಗೇ ಇಳಿಯುತ್ತಿದೆ, ಜಾಕ್ ಸೀಲಾ ಅಥವಾ ವಾಲ್ವಾ?

ಶಿರಸಿ ತೋಟ

ನಮಸ್ಕಾರ ಎಲ್ಲರಿಗೂ. ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಟ್ರ್ಯಾಕ್ಟರಿಗೆ ಮುಂದೆ ಲೋಡರ್ ಹಾಕಿಸಿದ್ದೇವೆ. ಗೊಬ್ಬರ, ತೋಟಕ್ಕೆ ಹಾಕುವ ಕೆಂಪು ಮಣ್ಣು ಎಲ್ಲ ಅದರಲ್ಲೇ ಟ್ರೇಲರಿಗೆ ತುಂಬುವುದು.

ಈಗಿನ ತೊಂದರೆ ಏನೆಂದರೆ, ಮಣ್ಣು ತುಂಬಿದ ಬಕೆಟ್ ಎತ್ತಿ ಲೀವರ್ ಬಿಟ್ಟರೆ ತೋಳು ನಿಧಾನಕ್ಕೆ ಇಳಿಯುತ್ತದೆ. ಹತ್ತು ನಿಮಿಷಕ್ಕೆ ಒಂದು ಗೇಣು ಇಳಿಯುತ್ತದೆ ಅಂದುಕೊಳ್ಳಿ. ಬೆಳಿಗ್ಗೆ ಕಡಿಮೆ, ಕೆಲಸ ಮಾಡಿ ಬಿಸಿಯಾದ ಮೇಲೆ ಜಾಸ್ತಿ. ಹೊರಗೆ ಎಲ್ಲೂ ಆಯಿಲ್ ಸೋರುತ್ತಿಲ್ಲ, ಜಾಕಿನ (ಹೈಡ್ರಾಲಿಕ್ ಸಿಲಿಂಡರಿನ) ರಾಡ್ ಒಣಗಿಯೇ ಇದೆ. ಬಕೆಟ್ ಮಾತ್ರ ಮಡಚಿದಲ್ಲೇ ನಿಲ್ಲುತ್ತದೆ, ಮುಂದಕ್ಕೆ ಬಾಗುವುದಿಲ್ಲ. ಇನ್ನೊಂದು ವಿಷಯ, ಅರ್ಧಕ್ಕೆ ನಿಲ್ಲಿಸಿ ಮತ್ತೆ ಎತ್ತಲು ಲೀವರ್ ಎಳೆದರೆ ಮೊದಲು ಚೂರು ಕೆಳಗೆ ಜಗ್ಗಿ ಆಮೇಲೆ ಏಳುತ್ತದೆ.

ಇಲ್ಲಿಯ ಮೆಕ್ಯಾನಿಕ್ ನೋಡಿದ ಕೂಡಲೇ ಎರಡೂ ಜಾಕಿಗೆ ಸೀಲ್ ಕಿಟ್ ಹಾಕಬೇಕು ಅಂದರು. ಜಾಕ್ ಬಿಚ್ಚುವ ಮೊದಲು ಮನೆಯಲ್ಲೇ ಪತ್ತೆ ಹಚ್ಚುವ ದಾರಿ ಇದೆಯಾ?

ಕುಮಟಾ ವರ್ಕ್‌ಶಾಪ್

ಇದೆ. ಸೀಲ್ ಕಿಟ್ ಈಗಲೇ ತರಬೇಡಿ. ತೋಳು ಇಳಿದರೆ ಸೀಲ್ ಹೋಗಿದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ತೋಳಿನ ಜಾಕಿನಲ್ಲಿ ಪಿಸ್ಟನ್ ಸೀಲ್ (ಜಾಕಿನ ಒಳಗೆ ಬುಡದ ಕಡೆ, ರಾಡಿನ ಕಡೆ ಎರಡನ್ನೂ ಬೇರೆ ಮಾಡುವ ಸೀಲ್) ಒಂದೇ ಹೋದರೆ ತೋಳು ಇಳಿಯುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಲೆಕ್ಕ ಸಮೇತ.

ಜಾಕ್ 63 ಮಿ.ಮೀ. ಬೋರ್ (ಒಳ ವ್ಯಾಸ), ರಾಡ್ 35 ಮಿ.ಮೀ. ಅಂತ ಇಟ್ಟುಕೊಳ್ಳಿ. ತೋಳಿನ ಭಾರ ರಾಡನ್ನು ಒಳಗೆ ತಳ್ಳುತ್ತದೆ. ರಾಡ್ 10 ಸೆಂ.ಮೀ. ಒಳಗೆ ಹೋಗಬೇಕಾದರೆ ಬುಡದ ಕಡೆಯಿಂದ ಸುಮಾರು 310 ಮಿ.ಲೀ. ಆಯಿಲ್ ಹೊರಡಬೇಕು. ಸೀಲ್ ಹರಿದಿದ್ದರೆ ಅದು ರಾಡಿನ ಕಡೆಗೆ ದಾಟುತ್ತದೆ, ಸರಿ. ಆದರೆ ಅಲ್ಲಿ ರಾಡೇ ಜಾಗ ತಿಂದಿರುತ್ತದೆ ಅಲ್ವಾ, ಹಿಡಿಯುವುದು 215 ಮಿ.ಲೀ. ಅಷ್ಟೇ. ಉಳಿದದ್ದು ಎಲ್ಲಿಗೆ ಹೋಗಬೇಕು? ವಾಲ್ವ್ (ಲೀವರ್ ಆಡಿಸಿದಾಗ ಆಯಿಲಿನ ದಾರಿ ತೆರೆದು ಮುಚ್ಚುವ ಭಾಗ) ದಾಟಿ ಟ್ಯಾಂಕಿಗೇ ಹೋಗಬೇಕು. ವಾಲ್ವ್ ಬಿಗಿ ಇದ್ದರೆ ತೋಳು ಅಲ್ಲೇ ನಿಲ್ಲುತ್ತದೆ. ಅಂದರೆ ನಿಮ್ಮ ತೋಳು ಗೇಣುಗಟ್ಟಲೆ ಇಳಿಯುತ್ತಿದೆ, ಹೊರಗೆ ಒಂದು ಹನಿಯೂ ಇಲ್ಲ ಅಂದ ಮೇಲೆ ವಾಲ್ವಿನಲ್ಲಿ ಆಯಿಲ್ ದಾಟುತ್ತಿರುವುದು ಖಂಡಿತ.

ಹಾಗಂತ ಸೀಲ್ ಸರಿ ಇದೆ ಅಂತಲೂ ಅಲ್ಲ. ಸೀಲ್ ಹೋದರೆ ಎರಡೂ ಕಡೆ ಪ್ರೆಶರ್ ಒಂದೇ ಆಗಿ, ಇಡೀ ಭಾರ ರಾಡಿನ ಅಗಲದ ಮೇಲೆ ಮಾತ್ರ ನಿಲ್ಲುತ್ತದೆ. ಈ ಅಳತೆಯ ಜಾಕಿನಲ್ಲಿ ಪ್ರೆಶರ್ ಮೂರು ಪಟ್ಟಿಗೂ ಜಾಸ್ತಿ ಏರುತ್ತದೆ. ಸ್ವಲ್ಪ ಸವೆದ ವಾಲ್ವ್ ಆಗ ಇನ್ನೂ ಜಾಸ್ತಿ ಬಿಡುತ್ತದೆ. ಅದಕ್ಕೇ ಎರಡನ್ನೂ ನೋಡಬೇಕು.

ಬಕೆಟಿನ ಜಾಕಿಗೆ ಈ ಲೆಕ್ಕ ಉಲ್ಟಾ. ಅಲ್ಲಿ ಸಾಮಾನ್ಯವಾಗಿ ಭಾರ ರಾಡನ್ನು ಹೊರಗೆ ಎಳೆಯುತ್ತದೆ. ಹಾಗಾಗಿ ಬಕೆಟ್ ತಾನಾಗಿ ಮುಂದಕ್ಕೆ ಬಾಗಿದರೆ ಮೊದಲ ಅನುಮಾನ ಸೀಲಿನ ಮೇಲೆ. ನಿಮ್ಮದು ಬಾಗುತ್ತಿಲ್ಲ, ಒಳ್ಳೆಯದೇ.

ಎತ್ತುವಾಗ ಮೊದಲು ಜಗ್ಗುವುದು ಬೇರೆಯೇ ಕಾಯಿಲೆ. ವಾಲ್ವ್ ಒಳಗೆ ಲೋಡ್ ಚೆಕ್ ಅಂತ, ಆಯಿಲ್ ಹಿಂದಕ್ಕೆ ಬಾರದ ಹಾಗೆ ತಡೆಯುವ ಸಣ್ಣ ಪಾಪೆಟ್ (ಮುಚ್ಚಳ), ಸ್ಪ್ರಿಂಗ್ ಇರುತ್ತದೆ. ಅದರಡಿ ಕಸ ಕೂತರೆ ಹೀಗಾಗುತ್ತದೆ. ಲೀವರ್ ನಡುವೆ ಇದ್ದಾಗ ತೋಳು ಹಿಡಿದು ನಿಲ್ಲಿಸುವ ಕೆಲಸ ಅದರದ್ದಲ್ಲ, ಅದು ಸ್ಪೂಲಿನದ್ದು (ಲೀವರ್ ಆಡಿಸಿದಾಗ ವಾಲ್ವ್ ಒಳಗೆ ಸರಿಯುವ ದಂಡ). ಲೋಡ್ ಚೆಕ್ ತೊಳೆದು ಹಾಕಿದರೆ ಜಗ್ಗುವುದು ನಿಲ್ಲಬಹುದು, ಇಳಿಯುವುದು ನಿಲ್ಲುವುದಿಲ್ಲ.

ಅಂಕೋಲಾ ಗಜನಿ

ವಾಲ್ವಿಗೆ ಕೈ ಹಾಕುವ ಮೊದಲು ಲೀವರ್ ನೋಡಿ ಮಾರಾಯ್ರೆ. ನಮ್ಮ ಕಡೆ ಉಪ್ಪು ಗಾಳಿ, ಕೇಬಲ್ ಒಳಗೇ ತುಕ್ಕು ಹಿಡಿಯುತ್ತದೆ. ನಿಮ್ಮಲ್ಲಿ ಮಳೆಗಾಲದ ಕೆಂಪು ಕೆಸರು ಲಿಂಕಿನ ಪಿನ್ನಿಗೆ ಮೆತ್ತಿ ಒಣಗಿದರೆ ಕಲ್ಲಾಗಿ ಬಿಡುತ್ತದೆ. ಲೀವರ್ ನೋಡಲಿಕ್ಕೆ ನಡುವೆ ಬಂದ ಹಾಗೆ ಕಾಣುತ್ತದೆ, ಒಳಗೆ ಸ್ಪೂಲ್ ಕೂದಲೆಳೆಯಷ್ಟು ಆಚೆ ಉಳಿದಿರುತ್ತದೆ. ಅಷ್ಟು ಸಾಕು ತೋಳು ಇಳಿಯೋಕೆ. ವಾಲ್ವಿಂದ ಹೊರಗೆ ಕಾಣುವ ಸ್ಪೂಲಿನ ತುದಿಗೆ ಪೇಂಟಿನಲ್ಲಿ ಗೆರೆ ಹಾಕಿ. ಬಕೆಟ್ ನೆಲದ ಮೇಲಿಟ್ಟು ಲಿಂಕ್ ಪಿನ್ ತೆಗೆದು, ಸ್ಪೂಲ್ ಕೈಯಲ್ಲಿ ಎಳೆದು ಬಿಡಿ. ಪ್ರತಿ ಸಲ ಗೆರೆ ಅದೇ ಜಾಗಕ್ಕೆ ಬರಬೇಕು. ಫ್ಲೋಟ್ (ಬಕೆಟ್ ನೆಲದ ಏರಿಳಿತಕ್ಕೆ ತಕ್ಕ ಹಾಗೆ ತಾನಾಗಿ ಆಡುವ ಸ್ಥಾನ) ಇರುವ ವಾಲ್ವ್ ಆದರೆ ಲೀವರನ್ನು ಆ ಸ್ಥಾನದಲ್ಲಿ ಹಿಡಿದಿಡುವ ಡಿಟೆಂಟ್ ಗೋಲಿ ಮತ್ತು ಸ್ಪ್ರಿಂಗ್ ಕೂಡ ನೋಡಿ. ಫ್ಲೋಟಿನಲ್ಲಿ ಎರಡೂ ಲೈನ್ ಟ್ಯಾಂಕಿಗೆ ತೆರೆದಿರುತ್ತವೆ.

ಆಯಿಲ್ ಬಣ್ಣ ಹೇಗಿದೆ? ಹಾಲಿನ ಹಾಗೆ ಬಿಳಿಚಿದ್ದರೆ ನೀರು ಸೇರಿದೆ ಅಂತ ಅರ್ಥ. ಬಿಸಿಯಾದ ಮೇಲೆ ಜಾಸ್ತಿ ಇಳಿಯುವುದು ಆಯಿಲ್ ತೆಳ್ಳಗಾಗುವುದರಿಂದ. 68 ನಂಬರ್ ಆಯಿಲ್ ಹೇಳಿದ ಕಡೆ ಯಾರಾದರೂ ಅದಕ್ಕಿಂತ ತೆಳುವಾದ 46 ಹಾಕಿದ್ದಾರಾ, ಅದನ್ನೂ ಕೇಳಿ.

ಕುಮಟಾ ವರ್ಕ್‌ಶಾಪ್

ಅಂಕೋಲಾದವರು ಹೇಳಿದ್ದು ಮೊದಲು ಮಾಡಿ. ಆಮೇಲೂ ಇಳಿದರೆ ಸೀಲ್ ಪರೀಕ್ಷೆ.

ಬಕೆಟ್ ಖಾಲಿ ಮಾಡಿ, ತೋಳು ಪೂರ್ತಿ ಎತ್ತಿ, ಹೊರಬಂದ ರಾಡಿನ ಮೇಲೆ ಗಟ್ಟಿ ಕಬ್ಬಿಣದ ಚಾನೆಲ್ ಕೂರಿಸಿ ಬೋಲ್ಟ್ ಹಾಕಿ, ತೋಳಿನ ಭಾರ ಅದರ ಮೇಲೇ ನಿಲ್ಲಬೇಕು. ಮರದ ತುಂಡು, ಚಿರೇಕಲ್ಲು ಕೊಟ್ಟು ಯಾರೂ ಅಡಿಗೆ ಹೋಗಬೇಡಿ, ದಯವಿಟ್ಟು. ಪೈಪ್ ಬಿಚ್ಚುವಾಗ ಹೆಲ್ಪರ್ ಹುಡುಗರು ಬಕೆಟ್ ಕೆಳಗೆ ಕೂರುವುದನ್ನು ನೋಡಿದರೆ ನನಗೆ ಮೈ ನಡುಗುತ್ತದೆ. ಇಂಜಿನ್ ಆಫ್ ಮಾಡಿ, ಲೀವರ್ ಎರಡೂ ಕಡೆ ಆಡಿಸಿ ಪ್ರೆಶರ್ ಬಿಡಿ. ಈಗ ಜಾಕಿನ ರಾಡ್ ಕಡೆಯ ಪೈಪ್ ಮಾತ್ರ ಬಿಚ್ಚಿ, ಪೈಪಿನ ಬಾಯಿಗೆ ಪ್ಲಗ್ ಹಾಕಿ. ಜಾಕಿನ ಬಾಯಿ ತೆರೆದೇ ಇರಲಿ, ಅದಕ್ಕೆ ಡಬ್ಬ ಹಿಡಿಯುವ ಬದಲು ಒಂದು ತುಂಡು ಪೈಪ್ ಹಾಕಿ ಡಬ್ಬಕ್ಕೆ ಬಿಡಿ. ಎಲ್ಲರೂ ದೂರ ನಿಂತ ಮೇಲೆ ಇಂಜಿನ್ ಹಚ್ಚಿ ಎತ್ತುವ ಕಡೆಗೆ ಲೀವರ್ ಎರಡು ಮೂರು ಸೆಕೆಂಡ್ ಹಿಡಿಯಿರಿ. ಒಳಗಿದ್ದ ಹಳೇ ಆಯಿಲ್ ಸ್ವಲ್ಪ ಬಂದು ನಿಂತರೆ ಸೀಲ್ ಸರಿ ಇದೆ. ಹಿಡಿದಷ್ಟು ಹೊತ್ತೂ ಧಾರೆ ಬಂದರೆ ಆ ಜಾಕಿನ ಸೀಲ್ ಹೋಗಿದೆ. ಒಂದೊಂದೇ ಜಾಕ್ ನೋಡಿ.

ಎರಡೂ ಪೈಪಿಗೆ ಪ್ಲಗ್ ಹೊಡೆದು "ಇಳಿಯಲಿಲ್ಲ, ಹಾಗಾದರೆ ಸೀಲ್ ಸರಿ" ಅನ್ನುವ ಪರೀಕ್ಷೆ ತೋಳಿನ ಜಾಕಿಗೆ ಲೆಕ್ಕಕ್ಕಿಲ್ಲ. ಮೇಲೆ ಹೇಳಿದ ಕಾರಣಕ್ಕೇ, ಸೀಲ್ ಹೋಗಿದ್ದರೂ ಅದು ನಿಲ್ಲುತ್ತದೆ.

ಇಳಿಯುವುದನ್ನು ಅಳೆಯುವಾಗ ಬಕೆಟ್ ತುದಿ ನೋಡಬೇಡಿ. ರಾಡಿನ ಮೇಲೆ ಟೇಪ್ ಅಂಟಿಸಿ ಅಲ್ಲಿ ಅಳೆಯಿರಿ.

ಶಿರಸಿ ತೋಟ

ಎಲ್ಲ ಮಾಡಿದೆವು. ಲಿಂಕ್ ತೆಗೆದರೂ ಗೆರೆ ಸರಿಯಾಗಿ ಬರುತ್ತದೆ, ಆದರೂ ತೋಳು ಇಳಿಯುತ್ತದೆ. ಆಯಿಲ್ ಬಿಳಿಚಿಲ್ಲ, 68 ನಂಬರೇ. ಪೈಪ್ ಬಿಚ್ಚಿ ನೋಡಿದರೆ ಎರಡೂ ಜಾಕಿನಲ್ಲಿ ಮೊದಲಿಗೆ ಸ್ವಲ್ಪ ಆಯಿಲ್ ಬಂತು, ಆಮೇಲೆ ಪೂರ್ತಿ ನಿಂತಿತು. ಅಂದರೆ ವಾಲ್ವ್ ಅಂತಾಯಿತು. ಅಂಗಡಿಯವರು ವಾಲ್ವಿಗೆ ಓ-ರಿಂಗ್ ಕಿಟ್ ಸಿಗುತ್ತದೆ ಅಂದರು, ಹಾಕಲಾ? ಜಾಕಿನಿಂದ ಆಯಿಲ್ ವಾಪಸ್ ಬಾರದ ಹಾಗೆ ತಡೆಯುವ ಲಾಕ್ ವಾಲ್ವ್ ಹಾಕಿಸಿದರೆ ಸಾಕು ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ.

ಕುಮಟಾ ವರ್ಕ್‌ಶಾಪ್

ಓ-ರಿಂಗಿನಿಂದ ಇದು ಸರಿಯಾಗುವುದಿಲ್ಲ. ಸ್ಪೂಲಿನ ಎರಡು ತುದಿಯ ರಿಂಗ್ ಹೊರಗೆ ಸೋರದ ಹಾಗೆ ತಡೆಯುತ್ತದೆ ಅಷ್ಟೇ. ಒಳಗೆ ಆಯಿಲ್ ತಡೆಯುವುದು ಕಬ್ಬಿಣಕ್ಕೆ ಕಬ್ಬಿಣ, ಮಧ್ಯದ ಸಂದು ಕೆಲವೇ ಮೈಕ್ರಾನ್. ಹಾಗಾಗಿ ಹೊಸ ವಾಲ್ವ್ ಕೂಡ ಒಂಚೂರು ಬಿಟ್ಟೇ ಬಿಡುತ್ತದೆ, ರಾತ್ರಿಯಿಡೀ ಎತ್ತಿಟ್ಟ ತೋಳು ಬೆಳಿಗ್ಗೆ ಸ್ವಲ್ಪ ಇಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮದು ಅದಕ್ಕಿಂತ ತುಂಬಾ ಜಾಸ್ತಿ. ಸ್ಪೂಲ್ ಹೊರಗೆ ತೆಗೆದರೆ ಉದ್ದಕ್ಕೆ ಗೀರು ಕಾಣಬಹುದು, ಉಗುರಿಗೆ ಸಿಕ್ಕಿದರೆ ಮುಗಿಯಿತು. ಸ್ಪೂಲ್ ಒಂದನ್ನೇ ಬದಲಿಸುವುದೂ ಆಗುವುದಿಲ್ಲ, ಅದನ್ನು ಆ ಬೋರಿಗೇ ಜೋಡಿ ಮಾಡಿರುತ್ತಾರೆ. ಆ ಸೆಕ್ಷನ್ (ಸ್ಪೂಲ್ ಮತ್ತು ಅದರ ಬೋರ್ ಇರುವ ವಾಲ್ವಿನ ತುಂಡು) ಬೇರೆ ಸಿಕ್ಕಿದರೆ ಅದು, ಇಲ್ಲದಿದ್ದರೆ ಪೂರ್ತಿ ವಾಲ್ವ್.

ಲಾಕ್ ವಾಲ್ವ್ ಹಾಕಿದರೆ ತೋಳು ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಅದು ತೆರೆಯಬೇಕಾದರೆ ಆಚೆ ಲೈನಿನಲ್ಲಿ, ಅಂದರೆ ಇಳಿಸುವ ಕಡೆಯ ಪೈಪಿನಲ್ಲಿ, ಪ್ರೆಶರ್ ಬರಬೇಕು. ಫ್ಲೋಟಿನಲ್ಲಿ ಆ ಪ್ರೆಶರ್ ಇರುವುದಿಲ್ಲ, ಹಾಗಾಗಿ ಬಕೆಟ್ ನೆಲದ ಏರಿಳಿತಕ್ಕೆ ತಕ್ಕ ಹಾಗೆ ಕೆಳಗೆ ಕೂರುವುದಿಲ್ಲ. ಅಂಗಳ, ರಸ್ತೆ ಸಮ ಮಾಡುವವರಿಗೆ ಅದು ಭಾರಿ ತೊಂದರೆ. ಭಾರ ಇಳಿಸುವಾಗ ಕುಲುಕಾಟವೂ ಬರುತ್ತದೆ.

ನನ್ನ ಪ್ರಕಾರ ವಾಲ್ವೇ ಬದಲಿಸಿ, ಜೊತೆಗೆ ಫಿಲ್ಟರ್ ಕೂಡ. ಗೀರು ಹಾಕಿದ ಕಸ ಇನ್ನೂ ಆಯಿಲಿನಲ್ಲೇ ಇದ್ದರೆ ಹೊಸದಕ್ಕೂ ಅದೇ ಗತಿ, ಟ್ಯಾಂಕ್ ತೊಳೆದು ಆಯಿಲ್ ಹೊಸದು ಹಾಕಿ. ಹುಬ್ಬಳ್ಳಿಗೆ ತರಲು ಹೋಗುವುದಾದರೆ ಹಳೇ ವಾಲ್ವನ್ನು ಜೊತೆಗೇ ಒಯ್ಯಿರಿ. ಪೈಪಿನ ಥ್ರೆಡ್, ರಿಲೀಫ್ ಪ್ರೆಶರ್ (ಪ್ರೆಶರಿನ ಗರಿಷ್ಠ ಮಿತಿ), ಫ್ಲೋಟ್ ಇದೆಯಾ ಇಲ್ಲವಾ ಎಲ್ಲ ಹೊಂದಬೇಕು. ಈ ವಾಲ್ವ್ ದಾಟಿದ ಆಯಿಲ್ ಮುಂದೆ ಹಿಂದಿನ ಲಿಫ್ಟಿಗೂ ಹೋಗುತ್ತಿದ್ದರೆ ಆಯಿಲನ್ನು ಪ್ರೆಶರ್ ಸಮೇತ ಮುಂದೆ ಕಳಿಸುವ ಪವರ್ ಬಿಯಾಂಡ್ ಪೋರ್ಟ್ ಇರುವುದನ್ನೇ ಕೇಳಿ ತನ್ನಿ.